ಬ್ರಿಟಿಷರ ಕಾಲದ ಕರೆಂಟ್: ಶಿವನಸಮುದ್ರ, ಕೋಲಾರದ ಗಣಿ, ಬೆಂಗಳೂರಿನ ದೀಪ – ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಮೊದಲು ಕರೆಂಟ್ ಬಂದದ್ದು ಎಲ್ಲಿ?

‘ಬಂದದ್ದು’ ಅಂದರೆ ಏನು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಜನರೆದುರು ದೀಪ ಉರಿಸಿ ತೋರಿಸಿದ್ದು ಲೆಕ್ಕವಾದರೆ 1879ರ ಜುಲೈ, ಕಲ್ಕತ್ತ. ಊರಿನ ಪುರಸಭೆಯೇ ಜಲವಿದ್ಯುತ್ ಕೇಂದ್ರ ನಡೆಸಿದ್ದು ಲೆಕ್ಕವಾದರೆ 1897ರ ನವೆಂಬರ್, ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್. ಅಲ್ಲಿ ಇದ್ದದ್ದು 65 ಕಿಲೋವ್ಯಾಟ್‌ನ ಎರಡು ಯಂತ್ರ. ಇವತ್ತಿನ ಒಂದು ಸಾಧಾರಣ ಅಪಾರ್ಟ್‌ಮೆಂಟಿನ ಜನರೇಟರ್ ಅದಕ್ಕಿಂತ ದೊಡ್ಡದು. ಕಂಪನಿಯೊಂದು ಲೈಸೆನ್ಸ್ ಪಡೆದು, ಮೀಟರ್ ಇಟ್ಟು, ದುಡ್ಡು ತೆಗೆದುಕೊಂಡು ಮನೆ-ಕಚೇರಿಗಳಿಗೆ ಮಾರಿದ್ದು ಲೆಕ್ಕವಾದರೆ ಮತ್ತೆ ಕಲ್ಕತ್ತವೇ. ಅಲ್ಲಿನ ಎಮಾಂಬಾಗ್ ಲೇನ್‌ನ ಉಗಿ ಕೇಂದ್ರ 1899ರ ಏಪ್ರಿಲ್ 17ರಂದು ಶುರುವಾಯಿತು. ಆ ಕಂಪನಿ ನೋಂದಣಿಯಾಗಿದ್ದು ಲಂಡನ್ನಿನಲ್ಲಿ, ಅದರ ಮುಖ್ಯ ಕಚೇರಿ 1970ರ ತನಕ ಅಲ್ಲೇ ಇತ್ತು.

ಮದ್ರಾಸಿನ ಎಲೆಕ್ಟ್ರಿಕ್ ಟ್ರಾಮ್ (1895) ಸಿದ್ರಾಪಾಂಗ್, ಎಮಾಂಬಾಗ್ ಎರಡಕ್ಕೂ ಹಿಂದಿನದು. ಆದರೆ ಅದು ಮನೆಗೆ ಕರೆಂಟ್ ಕೊಡುವ ಏರ್ಪಾಡಲ್ಲ.

ಹಾಗಾದರೆ ಬೆಂಗಳೂರು ‘ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ’ ಅನ್ನುವ ಮಾತು?

ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಶಾಂಘೈ ಮತ್ತು ಟೋಕಿಯೊದ ಗಿಂಜಾ ಬೀದಿಯಲ್ಲಿ ಆರ್ಕ್ ದೀಪ ಉರಿದದ್ದು 1882ರಲ್ಲೇ. ಕಲ್ಕತ್ತವೂ ಬೆಂಗಳೂರಿಗಿಂತ ಮುಂಚೆ.

ಬೆಂಗಳೂರಿನದು ದೊಡ್ಡದೇ, ಆದರೆ ಬೇರೆ ಬಗೆಯ ದೊಡ್ಡಸ್ತಿಕೆ. ಕಲ್ಕತ್ತದಲ್ಲಿ ಊರ ನಡುವೆಯೇ ಕಲ್ಲಿದ್ದಲು ಸುಟ್ಟು ಅಲ್ಲೇ ಸುತ್ತಮುತ್ತ ಕೊಟ್ಟರು. ಬೆಂಗಳೂರಿಗೆ ಬಂದದ್ದು ಬಹುದೂರದ ಕಾವೇರಿ ಹೊಳೆಯ, ಶಿವನಸಮುದ್ರದ ಕರೆಂಟ್. ಕಲ್ಲಿದ್ದಲಿಲ್ಲದ ಒಂದು ಸಂಸ್ಥಾನ ಇಷ್ಟು ದೂರದಿಂದ ಜಲವಿದ್ಯುತ್ ತಂದು ನಗರಕ್ಕೆ ಕೊಟ್ಟಿದ್ದು ಆ ಕಾಲಕ್ಕೆ ಅಪರೂಪ. ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ: ಈ ತಂತಿ ಎಳೆದದ್ದು ಬೆಂಗಳೂರಿಗಾಗಿ ಅಲ್ಲ. ಮೂರು ವರ್ಷ ಮುಂಚೆ, 1902ರಲ್ಲೇ, ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೆಂಗಳೂರು ಎರಡನೇ ಗಿರಾಕಿ, ಮೈಸೂರು (1908) ಮೂರನೆಯದು. ಅರಮನೆ ಇದ್ದ ಊರೇ ಮೂರನೇ ಸರದಿಯಲ್ಲಿ ನಿಂತಿತ್ತು ಅನ್ನುವುದರಿಂದಲೇ ಯೋಜನೆ ಯಾರಿಗಾಗಿ ಆಯಿತು ಅಂತ ಗೊತ್ತಾಗುತ್ತದೆ.

ಮೈಸೂರು ಒಡೆಯರ ಸಂಸ್ಥಾನ. ಅದನ್ನು ವಸಾಹತು ಆಳ್ವಿಕೆಯ ವಿದ್ಯುತ್ ಅನ್ನುವುದು ಸರಿಯೇ?

ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಯೋಜನೆಗೆ ದುಡ್ಡು ಹಾಕಿದ್ದು, ಕೇಂದ್ರವನ್ನು ನಡೆಸಿದ್ದು, ಲಾಭ ತೆಗೆದುಕೊಂಡಿದ್ದು ಮೈಸೂರು ಸರ್ಕಾರ. ಆಗ ರೀಜೆಂಟ್ (ಎಳೆಯ ರಾಜನ ಪರವಾಗಿ ಆಳುವವರು) ಆಗಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಯೋಜನೆಯನ್ನು ಹಿಡಿದು ಮುನ್ನಡೆಸಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಖಾಸಗಿ ಕಂಪನಿಗಳು ಮಾಡಿದ್ದನ್ನು ಇಲ್ಲಿ ಸರ್ಕಾರವೇ ಮಾಡಿತು. ಇದೊಂದು ದೊಡ್ಡ ವ್ಯತ್ಯಾಸ.

ಆದರೆ ಹೊಳೆಯ ಒಂದು ದಡ ಮೈಸೂರಿನದಾದರೆ ಇನ್ನೊಂದು ದಡ ಮದ್ರಾಸ್ ಪ್ರಾಂತ್ಯದ್ದು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದ್ರಾಸ್ ಒಪ್ಪದೆ ನೀರು ಮುಟ್ಟುವ ಹಾಗಿರಲಿಲ್ಲ. ನೀರು ಟರ್ಬೈನ್ ತಿರುಗಿಸಿ ಅಷ್ಟೇ ಪ್ರಮಾಣದಲ್ಲಿ ಹೊಳೆಗೆ ವಾಪಸು ಬೀಳುತ್ತದೆ, ತಂಜಾವೂರಿನ ಗದ್ದೆಗೆ ಒಂದು ಹನಿಯೂ ಕಡಿಮೆಯಾಗದು ಅನ್ನುವ ವಾದ ಇದ್ದುದರಿಂದ ಒಪ್ಪಿಗೆ ಸುಲಭವಾಯಿತು. ಮುಖ್ಯ ಗಿರಾಕಿ ಇಂಗ್ಲೆಂಡಿನ ಷೇರುದಾರರ ಗಣಿ ಕಂಪನಿಗಳು, ಅವುಗಳ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿ. ಯಂತ್ರಗಳೆಲ್ಲ ಹೊರದೇಶದವು. ಸಂಸ್ಥಾನದ ಹೆಸರಿನಲ್ಲಿ ನಡೆದ ಕೆಲಸವಾದರೂ ಅದರ ಆಕಾರವನ್ನು ನಿರ್ಧರಿಸಿದ್ದು ಸಾಮ್ರಾಜ್ಯದ ವ್ಯಾಪಾರವೇ.

ಶಿವನಸಮುದ್ರವನ್ನೇ ಯಾಕೆ ಆರಿಸಿದರು? ನೀರಿನ ಲೆಕ್ಕ ಹೇಗೆ?

ಜಲವಿದ್ಯುತ್ತಿಗೆ ಬೇಕಾದ್ದು ಎರಡು: ನೀರಿನ ಪ್ರಮಾಣ ಮತ್ತು ಅದು ಬೀಳುವ ಎತ್ತರ. ಇವೆರಡರ ಗುಣಲಬ್ಧವೇ ಶಕ್ತಿ. ಕಾವೇರಿ ಇಲ್ಲಿ ದ್ವೀಪದ ಎರಡು ಪಕ್ಕದಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ. ಮೇಲೆ ಒಡ್ಡು ಕಟ್ಟಿ, ನಾಲೆಯಲ್ಲಿ ನೀರನ್ನು ದಡದ ಅಂಚಿಗೆ ತಂದು, ಅಲ್ಲಿಂದ ಉಕ್ಕಿನ ಕೊಳವೆಯಲ್ಲಿ ಇಳಿಸಿದರೆ ಸುಮಾರು 400 ಅಡಿ ಬೀಳುವಿಕೆ ಸಿಗುತ್ತದೆ.

ಹಳೇ ಎಂಜಿನಿಯರುಗಳ ಕೈಲೆಕ್ಕ ಒಂದಿದೆ, ಈಗಲೂ ಉಪಯೋಗಕ್ಕೆ ಬರುತ್ತದೆ: ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಲೆಕ್ಕದ ನೀರನ್ನು ಅಡಿ ಲೆಕ್ಕದ ಎತ್ತರದಿಂದ ಗುಣಿಸಿ 11ರಿಂದ ಭಾಗಿಸಿ. ಬರುವುದು ಹೆಚ್ಚುಕಡಿಮೆ ಅಶ್ವಶಕ್ತಿ. ಶೇ. 80ರಷ್ಟು ದಕ್ಷತೆಯನ್ನು ಆ 11ರಲ್ಲೇ ಸೇರಿಸಿಕೊಂಡಿದ್ದಾರೆ. 400 ಅಡಿಗೆ ಒಂದು ಕ್ಯೂಸೆಕ್ ಅಂದರೆ ಸುಮಾರು 36 ಅಶ್ವಶಕ್ತಿ. ಮೊದಲು ಕೂರಿಸಿದ 720 ಕಿಲೋವ್ಯಾಟ್‌ನ ಆರು ಯಂತ್ರಗಳು ಒಟ್ಟು 4,320 ಕಿಲೋವ್ಯಾಟ್, ಅಂದರೆ ಸುಮಾರು 5,800 ಅಶ್ವಶಕ್ತಿ. ಎಲ್ಲವೂ ಪೂರ್ತಿ ಓಡಲು 160 ಕ್ಯೂಸೆಕ್ ಚಿಲ್ಲರೆ ಸಾಕು. ಮಳೆಗಾಲದಲ್ಲಿ ಕಾವೇರಿಗೆ ಅದು ಲೆಕ್ಕಕ್ಕೇ ಇಲ್ಲ. ತೊಂದರೆ ಇದ್ದದ್ದು ಏಪ್ರಿಲ್‌-ಮೇ ತಿಂಗಳಲ್ಲಿ. ಅದನ್ನು ಕನ್ನಂಬಾಡಿಯ ಪ್ರಶ್ನೆಯಲ್ಲಿ ನೋಡಿ.

ಯೋಜನೆ ಮಾಡಿದವರು ಯಾರು? ಯಂತ್ರ ಎಲ್ಲಿಂದ ಬಂತು?

ರೂಪಿಸಿದವರು ಮೈಸೂರಿನಲ್ಲಿ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ರಾಯಲ್ ಎಂಜಿನಿಯರ್ಸ್‌ನ ಎ. ಜೋಲಿ ಡಿ ಲಾಟ್ಬಿನಿಯರ್, ಕೆನಡಾದ ಕ್ವಿಬೆಕ್ ಮೂಲದವರು. ಯುರೋಪು, ಅಮೆರಿಕ ಸುತ್ತಿ ನಯಾಗರ ಮೊದಲಾದ ಕಡೆ ಏನು ನಡೆದಿದೆ ಅಂತ ನೋಡಿ ಬಂದು ಯೋಜನೆ ಕೊಟ್ಟರು. ಟರ್ಬೈನ್ ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಬ್ರಿಟಿಷ್ ಕಂಪನಿಗಳಿಗೆ ಈ ಕೆಲಸ ಹೋಗಲಿಲ್ಲ. ಉದ್ದದ ಹೈ ವೋಲ್ಟೇಜ್ ಲೈನ್ ಎಳೆದ ಅನುಭವ ಆಗ ಇದ್ದದ್ದು ಅಮೆರಿಕನ್ನರಿಗೆ. ಎತ್ತರದಿಂದ ಬೀಳುವ ನೀರಿಗೆ ಟರ್ಬೈನ್ ಮಾಡುವ ಕೈ ಸ್ವಿಸ್ ಜನರದು.

ಹತ್ತಿರದ ರೈಲು ಮದ್ದೂರಿನಲ್ಲಿ. ಅಲ್ಲಿಂದಾಚೆಗೆ ಭಾರಿ ಸಾಮಾನನ್ನೆಲ್ಲ ಮಣ್ಣು ರಸ್ತೆಯಲ್ಲಿ ಎತ್ತಿನ ಗಾಡಿ, ಆನೆ ಕಟ್ಟಿ ಸಾಗಿಸಬೇಕಾಯಿತು. ಕಣಿವೆಯಲ್ಲಿ ಮಲೇರಿಯಾ ಬೇರೆ. 1902ರ ಜೂನ್ 30ರಂದು ಕೇಂದ್ರ ಚಾಲೂ ಆಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಲಾಟ್ಬಿನಿಯರ್ ಮುಂದೆ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ಮೊಹೋರಾ ಕೇಂದ್ರ ಕಟ್ಟಿಸಿದರು.

ಕೋಲಾರದ ಗಣಿಗೆ 147 ಕಿಲೋಮೀಟರ್ (92 ಮೈಲಿ) ದೂರ ಕರೆಂಟ್ ಸಾಗಿಸಿದ್ದು ಹೇಗೆ? 35,000 ವೋಲ್ಟ್ ಯಾಕೆ ಬೇಕಿತ್ತು?

ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ (ತಂತಿಯಲ್ಲಿ ಹರಿಯುವ ಆಂಪಿಯರಿನ) ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಇಳಿಯುತ್ತದೆ, ಪೋಲು ಇನ್ನೂ ವೇಗವಾಗಿ ಇಳಿಯುತ್ತದೆ. ಗಣಿಗೆ ಕೊಡಬೇಕಿದ್ದ 4,000 ಅಶ್ವಶಕ್ತಿ ಅಂದರೆ ಹತ್ತಿರಹತ್ತಿರ 3,000 ಕಿಲೋವ್ಯಾಟ್. ಇದನ್ನು 35,000 ವೋಲ್ಟ್‌ನ ಮೂರು ಫೇಸ್ ಲೈನಿನಲ್ಲಿ ಕಳಿಸಿದರೆ, ಪವರ್ ಫ್ಯಾಕ್ಟರ್ (ಹರಿಯುವುದರಲ್ಲಿ ಎಷ್ಟು ಭಾಗ ನಿಜವಾಗಿ ದುಡಿಯುತ್ತದೆ ಅನ್ನುವ ಅಳತೆ) 0.9 ಇಟ್ಟುಕೊಂಡರೂ, ತಂತಿಯೊಂದರಲ್ಲಿ ಹರಿಯುವುದು ಸುಮಾರು 55 ಆಂಪಿಯರ್. ಅದೇ ಶಕ್ತಿಯನ್ನು 2,200 ವೋಲ್ಟ್‌ನಲ್ಲಿ ಕಳಿಸಲು ಹೋದರೆ 875 ಆಂಪಿಯರ್. ಅದೇ ದಪ್ಪದ ತಂತಿಯಾದರೆ ಪೋಲು ಸುಮಾರು 250 ಪಟ್ಟು, ಅಂದರೆ ಹುಟ್ಟಿದ್ದೆಲ್ಲ ದಾರಿಯಲ್ಲೇ ಮುಗಿದುಹೋಗುತ್ತದೆ. ಪೋಲು ತಡೆಯಲು ತಂತಿಯನ್ನು ದಪ್ಪ ಮಾಡಿದರೆ ತಾಮ್ರದ ಖರ್ಚು ಗಣಿಯ ಚಿನ್ನವನ್ನೇ ನುಂಗುತ್ತಿತ್ತು.

ನಯಾಗರದಿಂದ ಬಫಲೊಗೆ 1896ರಲ್ಲಿ ಎಳೆದ ಲೈನು 11,000 ವೋಲ್ಟ್‌ನದು, ದೂರವೂ ಸುಮಾರು ನಲವತ್ತು ಕಿಲೋಮೀಟರ್ ಅಷ್ಟೇ. ಆರು ವರ್ಷದ ನಂತರ 92 ಮೈಲಿಗೆ ಕೈಹಾಕಿದ್ದು ದಿಟ್ಟ ಕೆಲಸವೇ. ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದಾಗಿತ್ತು.

25 ಸೈಕಲ್ ಯಾಕೆ? ಈಗಿನ ಹಾಗೆ 50 ಯಾಕಿರಲಿಲ್ಲ?

ಸೈಕಲ್ ಅಂದರೆ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ-ಮುಂದೆ ಹೋಗಿಬರುತ್ತದೆ ಅನ್ನುವ ಲೆಕ್ಕ, ಈಗಿನ ಹರ್ಟ್ಸ್. ಶಿವನಸಮುದ್ರದ್ದು 25. ಆಗ 50 ಅನ್ನುವುದು ಎಲ್ಲರೂ ಒಪ್ಪಿದ ಮಟ್ಟವೇ ಆಗಿರಲಿಲ್ಲ. ನಯಾಗರದ 25 ದೊಡ್ಡ ಮೋಟಾರಿನ ಕೆಲಸಕ್ಕೆ ಮಾದರಿಯಾಗಿತ್ತು. ಸೈಕಲ್ ಕಡಿಮೆಯಾದಷ್ಟೂ ಉದ್ದದ ಲೈನಿನಲ್ಲಿ ವೋಲ್ಟೇಜ್ ಕುಸಿತ ಕಡಿಮೆ, ನಿಧಾನವಾಗಿ ತಿರುಗುವ ದೊಡ್ಡ ಮೋಟಾರ್ ಮಾಡುವುದೂ ಸುಲಭ. ಗಣಿಗೆ ಬೇಕಾದ್ದು ಅದೇ. ದೀಪಕ್ಕೆ ಮಾತ್ರ 25 ಒಗ್ಗುವುದಿಲ್ಲ: ಸಣ್ಣ ಬಲ್ಬಿನ ತೆಳು ತಂತು ಪ್ರತಿ ಅರ್ಧ ಸೈಕಲ್‌ಗೆ ಒಂದಿಷ್ಟು ತಣ್ಣಗಾಗಿ, ಬೆಳಕು ಮಿಣಕುವುದು ಕಣ್ಣಿಗೆ ತಿಳಿಯುತ್ತದೆ. ಓದುವವನಿಗಿಂತ ಕಲ್ಲು ಕುಟ್ಟುವ ಯಂತ್ರದ ಅನುಕೂಲ ಮುಂದಾಯಿತು ಅಂದುಕೊಳ್ಳಿ.

ಮುಂದೆ ರಾಜ್ಯದ ಜಾಲವೆಲ್ಲ 50 ಸೈಕಲ್‌ಗೆ ತಿರುಗಿತು. ಹಾಗೆ ಬದಲಿಸುವಾಗ ಜನರೇಟರ್ ಒಂದನ್ನು ಬದಲಿಸಿದರೆ ಮುಗಿಯಲಿಲ್ಲ. 25 ಸೈಕಲ್‌ನ ಮೋಟಾರನ್ನು 50ಕ್ಕೆ ಹಾಕಿದರೆ ಎರಡರಷ್ಟು ವೇಗದಲ್ಲಿ ಓಡುತ್ತದೆ. 50ರ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25ಕ್ಕೆ ಹಾಕಿದರೆ ಒಳಗಿನ ಕಬ್ಬಿಣದ ತಿರುಳು ಕಾಂತಶಕ್ತಿಯಿಂದ ತುಂಬಿಹೋಗಿ ಸುಡುತ್ತದೆ. ಗಿರಾಕಿಯ ಪ್ರತಿ ಯಂತ್ರವನ್ನೂ ನೋಡಲೇಬೇಕು.

ಇಂಥ ಲೈನಿನಲ್ಲಿ ಕೆಡುತ್ತಿದ್ದುದು ಏನು?

ಹೆಚ್ಚಾಗಿ ಸಿಡಿಲು. ಕಾರ್ಗಾಲಕ್ಕಿಂತ ಅದರ ಹಿಂದಿನ ಏಪ್ರಿಲ್-ಮೇ ಗುಡುಗುಮಳೆಯದೇ ಹೆಚ್ಚು ಕಾಟ. ಆ ಕಾಲದ ರಕ್ಷಣೆ ಅಂದರೆ ಕೊಂಬಿನ ಆಕಾರದ ಎರಡು ಸರಳು ಎದುರು-ಬದುರು ನಿಲ್ಲಿಸಿದ ಅರೆಸ್ಟರ್. ಸಿಡಿಲಿನ ಒತ್ತಡ ಬಂದಾಗ ಸಂದಿಯಲ್ಲಿ ಕಿಡಿ ಹಾರಿ ಭೂಮಿಗೆ ಇಳಿಯುತ್ತದೆ, ಕಿಡಿ ಬಿಸಿಗೆ ಮೇಲೇರಿ ಕೊಂಬಿನ ಅಗಲದಲ್ಲಿ ಕಡಿದುಹೋಗುತ್ತದೆ. ಕಡಿಯದಿದ್ದರೆ ಲೈನೇ ಭೂಮಿಗೆ ಹರಿದು ಎಲ್ಲ ಬಂದ್. ಎರಡನೆಯದು ಪಿಂಗಾಣಿ ಇನ್ಸುಲೇಟರ್. ಹಗಲು ಬಿಸಿಲಿಗೆ ಕಾದದ್ದು ಸಂಜೆ ಮಳೆಗೆ ಒಮ್ಮೆಲೇ ತಣಿದು ಕೂದಲೆಳೆಯಷ್ಟು ಸೀಳುತ್ತದೆ. ಕೆಳಗಿನಿಂದ ನೋಡಿದರೆ ಕಾಣುವುದಿಲ್ಲ, ಮಳೆ ಬಂದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಮರದ ಕಂಬಗಳಿಗೆ ಗೆದ್ದಲು, ಅದೂ ನೆಲಮಟ್ಟದ ಒಂದಡಿ ಆಚೀಚೆ. ಲೈನ್ ಉದ್ದಕ್ಕೂ ಲೈನ್‌ಮನ್‌ಗಳು ನಡೆದು ನೋಡುವುದು ಇದಕ್ಕೇ. ಈಗಲೂ ಅಷ್ಟೇ.

ಗಣಿಯಲ್ಲಿ ಈ ಕರೆಂಟ್ ಏನು ಮಾಡುತ್ತಿತ್ತು?

ಅದಿರು ಕುಟ್ಟುವ ಸ್ಟಾಂಪ್ ಮಿಲ್, ಆಳದ ಡ್ರಿಲ್ಲುಗಳಿಗೆ ಗಾಳಿ ಒತ್ತುವ ಕಂಪ್ರೆಸರ್, ನೀರೆತ್ತುವ ಪಂಪು, ಆಮೇಲೆ ಜನರನ್ನೂ ಅದಿರನ್ನೂ ಮೇಲೆತ್ತುವ ವೈಂಡರ್. ಅದಕ್ಕೆ ಮುಂಚೆ ಇದೆಲ್ಲ ಉಗಿಯಲ್ಲಿ ನಡೆಯುತ್ತಿತ್ತು. ಕಲ್ಲಿದ್ದಲನ್ನು ರೈಲಿನಲ್ಲಿ ದೂರದಿಂದ ತರಿಸಬೇಕು, ಸೌದೆಗೆ ಸುತ್ತಲ ಕಾಡು ಬೋಳಾಗುತ್ತಿತ್ತು. ಕಂಪನಿಗಳು ವರ್ಷಕ್ಕೆ ಅಶ್ವಶಕ್ತಿಗಿಷ್ಟು ಅಂತ ಹಣ ಕೊಡುವ ದೀರ್ಘ ಒಪ್ಪಂದ ಮಾಡಿಕೊಂಡವು. ಬಳಸಲಿ ಬಿಡಲಿ, ಅಷ್ಟು ದುಡ್ಡು ಖಂಡಿತ. ಹೀಗೆ ಆದಾಯ ಮೊದಲೇ ಗೊತ್ತಿದ್ದರಿಂದಲೇ ಮೈಸೂರು ಸರ್ಕಾರ ಇಷ್ಟು ದೊಡ್ಡ ಬಂಡವಾಳಕ್ಕೆ ಧೈರ್ಯ ಮಾಡಿತು.

ಅಧಿಕಾರಿಗಳ ಬಂಗಲೆಯಲ್ಲಿ ದೀಪ, ಫ್ಯಾನು. ಕೂಲಿ ಲೈನುಗಳ ತಟ್ಟಿ ಗುಡಿಸಲಿನಲ್ಲಿ ಸೀಮೆಎಣ್ಣೆ ಬುಡ್ಡಿ. ಕೆಜಿಎಫ್ ‘ಕರೆಂಟ್ ಕಂಡ ಮೊದಲ ಊರುಗಳಲ್ಲಿ ಒಂದು’ ಅನ್ನುವಾಗ ಯಾವ ಕೆಜಿಎಫ್ ಅಂತ ಕೇಳಬೇಕು.

ಕನ್ನಂಬಾಡಿ ಕಟ್ಟೆಗೂ ಕರೆಂಟಿಗೂ ಏನು ಸಂಬಂಧ? ಅದು ನೀರಾವರಿಗಲ್ಲವೇ?

ಎರಡಕ್ಕೂ. ಆದರೆ ಕೆಲಸ ಶುರುವಾಗಲು ಅವಸರ ಹುಟ್ಟಿಸಿದ್ದು ಕರೆಂಟೇ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಗೋ ವರ್ಷದ 365 ದಿನವೂ ರಾತ್ರಿ-ಹಗಲೂ ಕರೆಂಟ್ ಬೇಕು. ಪಂಪು ನಿಂತರೆ ಆಳದಲ್ಲಿ ನೀರು ತುಂಬುತ್ತದೆ. ಮೇಲಾಗಿ ಇನ್ನಷ್ಟು ಕೊಡಿ ಅಂತ ಗಣಿಯವರ ಬೇಡಿಕೆ. 1909ರಲ್ಲಿ ಚೀಫ್ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಮೇಲೆ ಕನ್ನಂಬಾಡಿಯಲ್ಲಿ ನೀರು ನಿಲ್ಲಿಸಿ ಬೇಸಿಗೆಯಲ್ಲಿ ಬಿಡುವ ಯೋಜನೆ ಮುಂದಿಟ್ಟರು. 1911ರಲ್ಲಿ ಕೆಲಸ ಶುರು. ಮೊದಲ ಹಂತವನ್ನು ಸುಮಾರು 80 ಅಡಿಯ ಮಟ್ಟಕ್ಕೆ ಮುಗಿಸಿ ಗಣಿಯ ಮಾತು ಉಳಿಸಿಕೊಳ್ಳುವುದು ಗುರಿಯಾಗಿತ್ತು. ಪೂರ್ತಿ 124 ಅಡಿಯ ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ.

ಇಲ್ಲಿ ಮದ್ರಾಸಿನ ಜೊತೆ ಜಗಳ ಜೋರಾಯಿತು. ಶಿವನಸಮುದ್ರದಲ್ಲಿ ನೀರು ಹಾದು ಹೋಗುತ್ತದಷ್ಟೇ. ಕನ್ನಂಬಾಡಿಯಲ್ಲಿ ನೀರು ನಿಲ್ಲುತ್ತದೆ. 1914ರ ಗ್ರಿಫಿನ್ ಮಧ್ಯಸ್ಥಿಕೆ ಮತ್ತು 1924ರ ಒಪ್ಪಂದ ಈ ಜಗಳದಿಂದ ಹುಟ್ಟಿದವು. ಕಾವೇರಿ ವಿವಾದವನ್ನು ಬರೀ ಭತ್ತದ ಗದ್ದೆಗಳ ಜಗಳ ಅಂತ ಓದುವವರು ಚಿನ್ನದ ಗಣಿಯ ಮೋಟಾರುಗಳನ್ನು ಮರೆತಿರುತ್ತಾರೆ.

ಲೈನು ಹಾದುಹೋದ ದಾರಿಯ ಹಳ್ಳಿಗಳಿಗೆ ಯಾಕೆ ಕರೆಂಟ್ ಕೊಡಲಿಲ್ಲ?

ತಲೆ ಮೇಲೆ ತಂತಿ ಇದೆ, ಒಂದು ಕೊಕ್ಕೆ ಹಾಕಿದರೆ ಆಯಿತು ಅಂತ ಅನ್ನಿಸುವುದು ಸಹಜ. 35,000 ವೋಲ್ಟನ್ನು ಮನೆಗೆ ತಕ್ಕ ಮಟ್ಟಕ್ಕೆ ಇಳಿಸಲು ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್, ಹೈ ವೋಲ್ಟೇಜ್ ಸ್ವಿಚ್, ಸಿಡಿಲು ರಕ್ಷಣೆ, ಅರ್ಥಿಂಗ್, ನೋಡಿಕೊಳ್ಳುವ ಜನ ಬೇಕು. ಟ್ಯಾಪಿಂಗ್ ಒಂದೊಂದೂ ಲೈನಿನ ಒಂದೊಂದು ದುರ್ಬಲ ಜಾಗ. ಅಲ್ಲಿ ಕೆಟ್ಟರೆ ಗಣಿಯೂ ಕತ್ತಲು. ಗಿರಾಕಿಯ ಕಡೆ ಲೆಕ್ಕ ನೋಡಿ: 60 ವ್ಯಾಟ್‌ನ 200 ದೀಪ ಇರುವ ಹಳ್ಳಿ ಅಂದರೂ 12 ಕಿಲೋವ್ಯಾಟ್, ಅದೂ ಸಂಜೆ ಮೂರು-ನಾಲ್ಕು ಗಂಟೆ. ಗಣಿಯೊಂದು 3,000 ಕಿಲೋವ್ಯಾಟನ್ನು ದಿನವಿಡೀ ಎಳೆಯುತ್ತಿತ್ತು. ಅಂಥ 250 ಹಳ್ಳಿ ಸೇರಿದರೂ ಗಣಿಯ ಬೇಡಿಕೆಗೆ ಸಮ, ಬಳಕೆಯ ಗಂಟೆಯಲ್ಲಂತೂ ಹತ್ತಿರಕ್ಕೂ ಬರದು.

ಇದು ತಂತ್ರಜ್ಞಾನದ ಅಡ್ಡಿ ಅಲ್ಲ, ಯಾರಿಗೆ ಮೊದಲು ಅನ್ನುವ ತೀರ್ಮಾನ. ಹಳ್ಳಿಗೆ ಕೊಡಬೇಕು ಅಂತ ಸರ್ಕಾರ ನಿರ್ಧರಿಸಿದಾಗ ಅದೇ ತಂತ್ರಜ್ಞಾನದಲ್ಲಿ ಕೊಟ್ಟರು. 1926ರಿಂದ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರಿನಲ್ಲೂ, 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಕೇಂದ್ರದ ಕರೆಂಟಿನಿಂದ ಕೊಯಮತ್ತೂರಿನ ಬಾವಿ ಪಂಪುಗಳಿಗೂ ಇದು ಆಯಿತು. ದೀಪಕ್ಕೆ ಸಂಜೆ, ಪಂಪಿಗೆ ಹಗಲು ಅಂದಾಗ ಅದೇ ಟ್ರಾನ್ಸ್‌ಫಾರ್ಮರ್ ಹೆಚ್ಚು ಹೊತ್ತು ದುಡಿಯುತ್ತದೆ, ಲೆಕ್ಕ ಗಿಟ್ಟುತ್ತದೆ.

ಬ್ರಿಟಿಷ್ ಭಾರತದಲ್ಲಿ ಕಾನೂನು ಹೇಗಿತ್ತು?

ಮೊದಲು ಕಲ್ಕತ್ತಕ್ಕಷ್ಟೇ 1895ರ ಒಂದು ಕಾನೂನು, ಆಮೇಲೆ 1903ರ ಭಾರತೀಯ ವಿದ್ಯುತ್ ಕಾಯ್ದೆ, ಅದನ್ನು ತೆಗೆದು 1910ರದ್ದು. ಈ 1910ರ ಕಾಯ್ದೆ 2003ರ ತನಕ ಬದುಕಿತ್ತು. ಅದರ ಕೀಲಿ ಲೈಸೆನ್ಸ್. ಕಂಪನಿಗೆ ಒಂದು ಊರನ್ನೋ ಪ್ರದೇಶವನ್ನೋ ಗೊತ್ತುಮಾಡಿ ಕೊಡುತ್ತಿದ್ದರು. ಗೊತ್ತಾದ ಬೀದಿಗಳಲ್ಲಿ ಗೊತ್ತಾದ ಅವಧಿಯೊಳಗೆ ಮೇನ್ (ಬೀದಿಯ ಮುಖ್ಯ ತಂತಿ) ಎಳೆಯಲೇಬೇಕು. ಮಿಕ್ಕ ಬೀದಿಗಳಲ್ಲಿ ಆರು ಜನ ಮಾಲೀಕರೋ ಬಾಡಿಗೆದಾರರೋ ಸೇರಿ ಅರ್ಜಿ ಕೊಟ್ಟು, ಇಷ್ಟು ಬಳಸುತ್ತೇವೆ ಅಂತ ಬರೆದುಕೊಟ್ಟರೆ ಎಳೆಯಬೇಕು. ಒಂಟಿ ಮನೆಯವನು ಎಷ್ಟು ಗೋಗರೆದರೂ ಕಂಪನಿಗೆ ದರಕಾರಿರಲಿಲ್ಲ.

ಲೈಸೆನ್ಸಿನ ಅವಧಿ ಮುಗಿದಾಗ – ಮೊದಲದು 50 ವರ್ಷ ಮೀರಬಾರದು, ನಂತರದ್ದು ತಲಾ 20 – ಪುರಸಭೆಗೋ ಸರ್ಕಾರಕ್ಕೋ ಅದನ್ನು ಕೊಂಡುಕೊಳ್ಳುವ ಹಕ್ಕು. ಒಳ್ಳೆಯ ಉದ್ದೇಶವೇ. ಆದರೆ ಕೊನೆಯ ಹತ್ತು ವರ್ಷ ಕಂಪನಿ ಹೊಸ ಯಂತ್ರಕ್ಕೆ ಕಾಸು ಬಿಚ್ಚುವುದಿಲ್ಲ. ಹಳೆಯದನ್ನೇ ಉಜ್ಜಿ ಓಡಿಸುತ್ತದೆ. ಊರೂರಿಗೆ ಬೇರೆ ಬೇರೆ ಲೈಸೆನ್ಸ್ ಆದ್ದರಿಂದ ವೋಲ್ಟೇಜ್, ಎಸಿ-ಡಿಸಿ, ದರ ಎಲ್ಲವೂ ಬೇರೆ ಬೇರೆ. ಜೋಡಿಸಿದ ಜಾಲ ಬೆಳೆಯದಿರಲು ಇದೇ ದೊಡ್ಡ ಕಾರಣ. ಮೈಸೂರಿನಲ್ಲಿ ಸರ್ಕಾರಿ ಇಲಾಖೆ ಒಂದೇ ಇದ್ದುದರಿಂದ ಈ ಗೋಜಲು ಬಹಳ ಕಡಿಮೆ. ಆಮೇಲೆ 1935ರ ಭಾರತ ಸರ್ಕಾರ ಕಾಯ್ದೆ ವಿದ್ಯುತ್ತನ್ನು ಕೇಂದ್ರ, ಪ್ರಾಂತ್ಯ ಎರಡೂ ಕಾನೂನು ಮಾಡಬಹುದಾದ ಸಹವರ್ತಿ ಪಟ್ಟಿಗೆ ಹಾಕಿತು. ಸಂವಿಧಾನದಲ್ಲೂ ಅಲ್ಲೇ ಇದೆ.

ಬೇರೆ ಕಡೆ ದೊಡ್ಡ ಯೋಜನೆಗಳು ಯಾವುವು?

ಮೂರು ಹೇಳಿದರೆ ಸಾಕು. ಟಾಟಾದವರ ಖೋಪೋಲಿ, 1915: ಪಶ್ಚಿಮ ಘಟ್ಟದ ಮಳೆನೀರನ್ನು ಕೆರೆಗಳಲ್ಲಿ ಹಿಡಿದು ಬೊಂಬಾಯಿಯ ಹತ್ತಿ ಗಿರಣಿಗಳಿಗೆ ಕರೆಂಟ್, ಹಿಂದೆಯೇ ಭಿವಪುರಿ (1922), ಭಿರಾ (1927). ಮದ್ರಾಸ್ ಸರ್ಕಾರದ ಪೈಕಾರಾ, 1932: ನೀಲಗಿರಿಯಲ್ಲಿ 3,000 ಅಡಿ ಮೀರಿದ ಬೀಳುವಿಕೆ, ಶಿವನಸಮುದ್ರಕ್ಕೆ ಹೋಲಿಸಿದರೆ ಏಳೂವರೆ ಪಟ್ಟು ಎತ್ತರ, ಆದ್ದರಿಂದ ಅಷ್ಟೇ ಶಕ್ತಿಗೆ ಏಳೂವರೆ ಪಟ್ಟು ಕಡಿಮೆ ನೀರು ಸಾಕು. ಪಂಜಾಬಿನ ಮಂಡಿ ಯೋಜನೆ, 1933: ಮಂಡಿ ರಾಜರಿಂದ 1925ರಲ್ಲಿ 99 ವರ್ಷದ ಗುತ್ತಿಗೆಗೆ ಜಾಗ ಪಡೆದು ಜೋಗಿಂದರ್‌ನಗರದಲ್ಲಿ ಕಟ್ಟಿ ಲಾಹೋರ್ ತನಕ ಲೈನು. ಆ ಗುತ್ತಿಗೆ ಮುಗಿದದ್ದು 2024ರಲ್ಲಿ. ಯಾರಿಗೆ ಸೇರಬೇಕು ಅಂತ ಹಿಮಾಚಲವೂ ಪಂಜಾಬೂ ಕೋರ್ಟು ಹತ್ತಿವೆ.

ಆಗಿನ ಬಲ್ಬು ಎಷ್ಟು ಕರೆಂಟ್ ತಿನ್ನುತ್ತಿತ್ತು?

ತುಂಬಾ. ಇಂಗಾಲದ ತಂತುವಿನ ಬಲ್ಬು ಒಂದು ಕ್ಯಾಂಡಲ್ ಬೆಳಕಿಗೆ ಸುಮಾರು 3.5 ವ್ಯಾಟ್ ಎಳೆಯುತ್ತಿತ್ತು. ಸಾಮಾನ್ಯವಾಗಿದ್ದ 16 ಕ್ಯಾಂಡಲ್ ಬಲ್ಬಿಗೆ 55-60 ವ್ಯಾಟ್, ಆದರೆ ಬೆಳಕು ಈಗಿನ ಎರಡು-ಮೂರು ವ್ಯಾಟ್‌ನ ಎಲ್‌ಇಡಿಯಷ್ಟು, ಅದೂ ಕೆಂಪು ಹಳದಿ. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ಒಂಬತ್ತು ಯೂನಿಟ್, ಒಂದೇ ಬಲ್ಬಿಗೆ. ಟಂಗ್‌ಸ್ಟನ್ ತಂತು ಬಂದ ಮೇಲೆ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಸಾಧಾರಣ ಮನೆಗಳಿಗೆ ವಿದ್ಯುತ್ ದೀಪ ಎಟುಕತೊಡಗಿದ್ದು ಆಮೇಲೆಯೇ. 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ ಶುರುವಾಗಿ ಬಲ್ಬು ಇಲ್ಲೇ ತಯಾರಾಗತೊಡಗಿತು.

ಕಲ್ಕತ್ತದಂಥ ಸೆಕೆಯ ಊರಿನಲ್ಲಿ ದೀಪಕ್ಕಿಂತ ಫ್ಯಾನೇ ಕಂಪನಿಯ ಹೊಟ್ಟೆ ತುಂಬಿಸಿತು. ಪಂಖಾ ಎಳೆಯುವ ಆಳಿನ ಸಂಬಳ ಉಳಿಯುತ್ತದೆ ಅನ್ನುವುದು ಆಗಿನ ಜಾಹೀರಾತಿನ ತರ್ಕ. ಆ ಆಳಿಗೆ ಏನಾಯಿತು ಅಂತ ಜಾಹೀರಾತಿನಲ್ಲಿ ಇರುವುದಿಲ್ಲ.

ನಮ್ಮ ಹಳೇ ಮನೆಯಲ್ಲಿ ಮರದ ಪಟ್ಟಿಯ ವೈರಿಂಗ್ ಇದೆ. ಬ್ರಿಟಿಷರ ಕಾಲದ್ದೇ? ಹಾಗೇ ಉಳಿಸಬಹುದೇ?

ಮರದ ಕೇಸಿಂಗ್, ಮೇಲೆ ಮುಚ್ಚಳದ ಪಟ್ಟಿ, ಒಳಗೆ ಹತ್ತಿ ನೇಯ್ಗೆ ಹೊದಿಸಿದ ರಬ್ಬರ್ ವೈರು, ಪಿಂಗಾಣಿ ಅಥವಾ ಹಿತ್ತಾಳೆ ಮುಚ್ಚಳದ ದುಂಡು ಸ್ವಿಚ್ಚು ಇದ್ದರೆ ಆ ಕಾಲದ್ದೋ ಅದರ ಬೆನ್ನಿಗೇ ಆದದ್ದೋ ಇರಬೇಕು. ಸಾಲಾಗಿ ಕ್ಲಿಪ್ ಹೊಡೆದ ತೆರೆದ ಬ್ಯಾಟನ್ ವೈರಿಂಗ್ ಆದರೆ 1980ರ ದಶಕದ್ದೂ ಇರಬಹುದು.

ಮರ, ಸ್ವಿಚ್ಚು ಉಳಿಸಿ, ವೈರು ಬೇಡ. ಗಂಧಕ ಬೆರೆಸಿ ಬೇಯಿಸಿದ ಆ ರಬ್ಬರು ಕಾಲ ಕಳೆದಂತೆ ಗಟ್ಟಿಯಾಗಿ ಹಕ್ಕಳೆ ಏಳುತ್ತದೆ. ಮುಟ್ಟದೆ ಬಿಟ್ಟರೆ ಹಾಗೇ ನಿಂತಿರುತ್ತದೆ, ಹೋಲ್ಡರ್ ಬದಲಿಸಲು ಒಮ್ಮೆ ಬಗ್ಗಿಸಿದಿರೋ ಪುಡಿಪುಡಿಯಾಗಿ ತಾಮ್ರ ಬೆತ್ತಲಾಗುತ್ತದೆ. ಇದಕ್ಕಿಂತ ಅಪಾಯದ್ದು ಫ್ಯೂಸ್. ಆಗಿನ ಪದ್ಧತಿಯಲ್ಲಿ ಎರಡೂ ತಂತಿಗೆ ಫ್ಯೂಸ್ ಹಾಕುತ್ತಿದ್ದರು. ನ್ಯೂಟ್ರಲ್ ಫ್ಯೂಸ್ ಸುಟ್ಟರೆ ದೀಪ ಆರುತ್ತದೆ, ಕರೆಂಟ್ ಹೋಯಿತು ಅಂದುಕೊಂಡು ಕೈಹಾಕಿದರೆ ಫೇಸ್ ಜೀವಂತವಾಗಿರುತ್ತದೆ. ಅರ್ಥ್ ತಂತಿಯಂತೂ ದೀಪದ ಸರ್ಕ್ಯೂಟಿಗೆ ಇರುವುದೇ ಅಪರೂಪ.

ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಲಿ ಮಾಡಿಸಬೇಕಾದ ಕ್ರಮ ಇದು. ಮೇನ್ ಆಫ್ ಮಾಡಿ, ಫೇಸ್-ನ್ಯೂಟ್ರಲ್ ಎರಡನ್ನೂ ಭೂಮಿಗೆ ಹಿಡಿದು ಅಳೆದು ಸತ್ತಿದೆ ಅಂತ ಖಚಿತ ಮಾಡಿಕೊಳ್ಳುವುದು. ಬಲ್ಬು, ಫ್ಯಾನು, ಎಲೆಕ್ಟ್ರಾನಿಕ್ ಸಾಮಾನು ಎಲ್ಲ ಕಳಚಿ, ಸ್ವಿಚ್ಚುಗಳನ್ನು ಆನ್ ಇಟ್ಟು, 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಪರೀಕ್ಷಿಸುವುದು. ಹಳೇ ಅಳತೆಗೋಲು 50 ಮೆಗಾಓಮ್ ಭಾಗಿಸು ಪಾಯಿಂಟುಗಳ ಸಂಖ್ಯೆ. 20 ಪಾಯಿಂಟ್ ಮನೆಗೆ ಎರಡೂವರೆ ಮೆಗಾಓಮ್. ಒಂದಕ್ಕಿಂತ ಕಡಿಮೆ ಬಂದರೆ ಮತ್ತೆ ಕರೆಂಟ್ ಕೊಡಲೇಬಾರದು. ಮಳೆಗಾಲದಲ್ಲಿ ಅಳೆದ ಅಂಕಿಯನ್ನೇ ನಂಬಿ. ಬೇಸಿಗೆಯಲ್ಲಿ ಒಣಗಿದ ಮರ ಸುಳ್ಳು ಹೇಳುತ್ತದೆ. ನಂತರ ಹಳೇ ಕೇಸಿಂಗ್ ಒಳಗೇ ಹೊಸ ಪಿವಿಸಿ ತಾಮ್ರದ ವೈರು ಎಳೆಸಿ, ನ್ಯೂಟ್ರಲ್ ಫ್ಯೂಸ್ ತೆಗೆಸಿ ನೇರ ಲಿಂಕ್ ಹಾಕಿಸಿ, ಅರ್ಥ್ ತಂತಿ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕೂರಿಸಬೇಕು. ಹಿತ್ತಾಳೆ ಮುಚ್ಚಳದ ಸ್ವಿಚ್ಚಿಗೆ ಅರ್ಥ್ ಕೊಡಲಾಗದಿದ್ದರೆ ಅದನ್ನು ಗೋಡೆಯ ಅಲಂಕಾರಕ್ಕೆ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಾಕಿಸಿ. ಕೆಲವು ಹಳೇ ಪಿಂಗಾಣಿ ಫ್ಯೂಸ್ ಕಟೌಟಿನ ಒಳಗೆ ಕಲ್ನಾರಿನ ಪದರ ಇರುತ್ತದೆ; ಕೆರೆಯಬೇಡಿ, ಒರೆಸಬೇಡಿ, ಚೀಲದಲ್ಲಿ ಕಟ್ಟಿ ತೆಗೆಸಿ.

ಈಗಿನ ಮನೆಯಲ್ಲಿ ಆ ಕಾಲದ ಗುರುತು ಏನಾದರೂ ಉಳಿದಿದೆಯೇ?

ಗೋಡೆ ನೋಡಿ. ಮೂರು ಗುಂಡು ಪಿನ್ನಿನ ಸಣ್ಣ ಸಾಕೆಟ್, ದೊಡ್ಡ ಸಾಕೆಟ್ ಎರಡೂ 1934ರ ಬ್ರಿಟಿಷ್ ಮಾನಕದ 5 ಮತ್ತು 15 ಆಂಪಿಯರ್ ಪ್ಲಗ್ಗುಗಳ ಮೊಮ್ಮಕ್ಕಳು. ಬ್ರಿಟನ್ನಿನ ಮನೆಗಳಲ್ಲಿ ಅದು ಹೆಚ್ಚುಕಡಿಮೆ ಹೋಗಿ ಚಪ್ಪಟೆ ಪಿನ್ ಬಂದಿದೆ. ನಮ್ಮಲ್ಲಿ 6 ಮತ್ತು 16 ಆಂಪಿಯರ್ ಅಂತ ಹೆಸರು ಬದಲಾಗಿ ಉಳಿದಿದೆ. ಒತ್ತಿ ತಿರುಗಿಸಿ ಹಾಕುವ ಪಿನ್ ಹೋಲ್ಡರ್ ಬಲ್ಬೂ ಅಲ್ಲಿಂದ ಬಂದದ್ದೇ.

ಹಳೇ ಆಡಳಿತ ವರದಿಗಳನ್ನು ಓದುವಾಗ ಎಲ್ಲಿ ಎಡವುತ್ತೇವೆ?

ನಾಲ್ಕು ಕಡೆ. ಮೈಸೂರಿನ ವರದಿಯ ವರ್ಷ ಜುಲೈಯಿಂದ ಜೂನ್‌ಗೆ. ಏಪ್ರಿಲ್‌ನಿಂದ ಎಣಿಸಿದರೆ 1902ರ ಅಂಕಿ ಅಡ್ಡಾದಿಡ್ಡಿಯಾಗುತ್ತದೆ. ಅಶ್ವಶಕ್ತಿ ಟರ್ಬೈನಿನದೋ, ಕೇಂದ್ರದಲ್ಲಿ ಹುಟ್ಟಿದ ವಿದ್ಯುತ್ತಿನದೋ, ಗಣಿಯಲ್ಲಿ ತಲುಪಿದ್ದೋ ನೋಡಿ. ಮೂರೂ ಬೇರೆ, ಲೈನಿನ ಪೋಲು ನಡುವೆ ಇರುತ್ತದೆ. ಕಿಲೋವ್ಯಾಟ್ ಮಾಡಲು 0.746ರಿಂದ ಗುಣಿಸಿ. ಗಣಿಯವರ ಲೆಕ್ಕ ಪೌಂಡಿನಲ್ಲಿ, ಸರ್ಕಾರದ್ದು ರೂಪಾಯಿಯಲ್ಲಿ: 1900ರ ಸುಮಾರಿಗೆ ಪೌಂಡಿಗೆ 15 ರೂಪಾಯಿ, 1927ರಿಂದ 13 ರೂಪಾಯಿ ಚಿಲ್ಲರೆ. ಇನ್ನು ‘ಬೆಂಗಳೂರು’ ಅಂದರೆ ಪೇಟೆಯೋ ದಂಡೋ ಅಂತ ಪ್ರತಿಸಲ ಕೇಳಿಕೊಳ್ಳಿ. ಕಂಟೋನ್ಮೆಂಟ್ 1947ರ ತನಕ ಬೇರೆ ಆಡಳಿತ, 1949ರ ತನಕ ಬೇರೆ ಪುರಸಭೆ.

1947ರಲ್ಲಿ ಒಟ್ಟು ಎಷ್ಟಿತ್ತು?

ದೇಶಕ್ಕೆಲ್ಲ 1,362 ಮೆಗಾವ್ಯಾಟ್. ರಾಯಚೂರು ಶಾಖೋತ್ಪನ್ನ ಕೇಂದ್ರ ಒಂದರದ್ದೇ ಈಗ 1,720. ಮೈಸೂರಿನ ಪಾಲಿಗೆ ಶಿವನಸಮುದ್ರ, ಮತ್ತು 1940ರಲ್ಲಿ ಬಂದ ಶಿಂಷಾದ 17.2 ಮೆಗಾವ್ಯಾಟ್. ಜೋಗದ ಕೆಲಸ 1939ರಲ್ಲಿ ಶುರುವಾಗಿತ್ತು, ಯುದ್ಧದಿಂದ ಯಂತ್ರ ತಡವಾಗಿ 1948ರಲ್ಲಿ ಚಾಲೂ ಆಯಿತು. ಅಲ್ಲೂ ಹೊಳೆಯ ಆಚೆ ದಡ ಬ್ರಿಟಿಷರದು, ಬೊಂಬಾಯಿ ಪ್ರಾಂತ್ಯದ ಉತ್ತರ ಕನ್ನಡ. ಆ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೂ ಹೈದರಾಬಾದ್ ನಿಜಾಮರ ಕೆಳಗಿದ್ದ ಜಿಲ್ಲೆಗಳಿಗೂ ಮೈಸೂರಿನಂಥ ಜಾಲ ಇರಲಿಲ್ಲ. 1956ರಲ್ಲಿ ರಾಜ್ಯ ಒಂದಾಗಿ, 1957ರ ಅಕ್ಟೋಬರಿನಲ್ಲಿ ವಿದ್ಯುತ್ ಮಂಡಳಿ ಹುಟ್ಟಿದಾಗ ಕೈಗೆ ಬಂದದ್ದು ಈ ಏರುಪೇರು.

ಶಿವನಸಮುದ್ರದ ಕೇಂದ್ರ ಈಗಲೂ ಓಡುತ್ತಿದೆಯೇ?

ಓಡುತ್ತಿದೆ. ಹೆಸರು ಶೇಷಾದ್ರಿ ಅಯ್ಯರ್ ಅವರದು. ಮೊದಲ 720 ಕಿಲೋವ್ಯಾಟ್‌ನ ಯಂತ್ರಗಳು ಹೋಗಿ 3 ಮೆಗಾವ್ಯಾಟ್‌ನ ಆರು, 6 ಮೆಗಾವ್ಯಾಟ್‌ನ ನಾಲ್ಕು ಬಂದಿವೆ, ಒಟ್ಟು 42 ಮೆಗಾವ್ಯಾಟ್. ಗಗನಚುಕ್ಕಿಯ ನೋಟದ ಜಾಗಕ್ಕೆ ಯಾರು ಬೇಕಾದರೂ ಹೋಗಬಹುದು. ಕೇಂದ್ರದ ಒಳಗೆ ಹೋಗಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಮೊದಲೇ ಪಡೆದಿರಬೇಕು. ಜಲಪಾತ ನೋಡಬೇಕಾದರೆ ಜುಲೈ-ಅಕ್ಟೋಬರ್ ನಡುವೆ ಹೋಗಿ. ಬೇಸಿಗೆಯಲ್ಲಿ ಹೊಳೆಯ ನೀರೆಲ್ಲ ಹೆಚ್ಚುಕಡಿಮೆ ನಾಲೆಗೇ ತಿರುಗಿರುತ್ತದೆ, ಬಂಡೆ ಮಾತ್ರ ಕಾಣುತ್ತದೆ.